ಘಟ್ಟದ ಗಾಳಿಯಲ್ಲಿ ಗ್ಲೈಡರ್ ಎಳೆಯುವುದು: ಹಗ್ಗ ಸಿಕ್ಕಿಸುವ ಮೊದಲಿನಿಂದ ಬಿಡುವವರೆಗೆ

ಶಿರಸಿ, ಸಿದ್ದಾಪುರದ ಕಡೆ ಬೆಳೆದವರಿಗೆ ಅಡಿಕೆ ಹಾಳೆಯ ಆಟ ಗೊತ್ತೇ ಇರುತ್ತದೆ. ತೋಟದಲ್ಲಿ ಬಿದ್ದ ಹಾಳೆಯ ಮೇಲೆ ಒಬ್ಬ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಎಳೆಯುವುದು. ಸಪಾಟಾದ ಅಂಗಳದಲ್ಲಿ ಎಷ್ಟು ಹೊತ್ತು ಎಳೆದರೂ ಏನೂ ಆಗುವುದಿಲ್ಲ. ತೋಟಕ್ಕೆ ಇಳಿಯುವ ಜಾರು ದಾರಿಗೆ ಬಂದಾಗಲೇ ತೊಂದರೆ. ಹಾಳೆ ಜೋರಾಗಿ ಜಾರಿ ಬಂದು ಎಳೆಯುವವನ ಹಿಮ್ಮಡಿಗೆ ಬಡಿಯುತ್ತದೆ. ಅವನು ಬೆದರಿ ಓಡಿದರೆ ಸೋಗೆ ಒಮ್ಮೆಲೇ ಜಗ್ಗಿ, ಕೂತವನು ಹಿಂದಕ್ಕೆ ಉರುಳುತ್ತಾನೆ.

ಬೆಟ್ಟದ ಸೀಮೆಯಲ್ಲಿ ಗ್ಲೈಡರ್ ಎಳೆಯುವಾಗ ಆಗುವುದೂ ಇದೇ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಅದನ್ನು ಮೇಲೆ ಒಯ್ಯಲು ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಒಂದು, ನೆಲದ ಮೇಲಿನ ವಿಂಚ್‌ನಿಂದ ಉದ್ದನೆಯ ತಂತಿ ಸುತ್ತಿ ಎಳೆಯುವುದು. ಪುಣೆಯ ಹಡಪ್ಸರ್ ಗ್ಲೈಡಿಂಗ್ ಸೆಂಟರ್‌ನಲ್ಲಿ ಹಾಗೆಯೇ ಮಾಡುತ್ತಾರೆ. ಇನ್ನೊಂದು, ಚಿಕ್ಕ ವಿಮಾನದ ಬಾಲಕ್ಕೆ ಹಗ್ಗ ಸಿಕ್ಕಿಸಿ ಎಳೆಯುವುದು. ಆ ವಿಮಾನಕ್ಕೆ ಟಗ್ ಅನ್ನುತ್ತಾರೆ. ಬೆಟ್ಟಗಳ ನಡುವೆ ಬೇಕಾದ ಜಾಗಕ್ಕೇ ಗ್ಲೈಡರ್ ಒಯ್ದು ಬಿಡಬಹುದು ಅಂತ ಅಲ್ಲೆಲ್ಲ ಟಗ್ ಜಾಸ್ತಿ.

ನಾನು ಹುಟ್ಟಿದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಗ್ಲೈಡರ್ ಕಲಿತದ್ದು ಹೊರದೇಶದ ಬೆಟ್ಟಗಳಲ್ಲಿ. ಆಮೇಲೆ ಕೆಲವು ವರ್ಷ ಟಗ್ ಕೂಡ ಹಾರಿಸಿದೆ. ಹೀಗಾಗಿ ಹಗ್ಗದ ಎರಡೂ ತುದಿ ಗೊತ್ತು. ಓದಲೋ ಕೆಲಸಕ್ಕೋ ಹೊರಗೆ ಹೋಗಿ ಕ್ಲಬ್ ಸೇರಿದ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗೆ ನಮ್ಮ ಘಟ್ಟಗಳನ್ನೇ ತೆಗೆದುಕೊಂಡಿದ್ದೇನೆ, ಯಾಕೆಂದರೆ ಅವು ನಿಮಗೆ ಕಣ್ಣು ಮುಚ್ಚಿದರೂ ಕಾಣುತ್ತವೆ. ಇಲ್ಲಿ ಹಾರಿಸಿ ಅಂತ ಹೇಳುತ್ತಿಲ್ಲ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಒಳಗೆ ಕೈಗಾ ಇದೆ. ಅನುಮತಿ ಇಲ್ಲದೆ ಈ ಆಕಾಶಕ್ಕೆ ಯಾರೂ ಕಾಲಿಡುವಂತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಲೈಡರ್‌ನಲ್ಲಿ ಕೂತವರು ಮುಂದಿನ ವಿಮಾನ ತಮ್ಮನ್ನು ನೋಡಿಕೊಳ್ಳುತ್ತಿದೆ ಅಂದುಕೊಳ್ಳುತ್ತಾರೆ. ನಿಜ ಅದರ ಉಲ್ಟಾ. ಎಳೆಯುವಾಗ ಟಗ್ ಪೈಲಟ್‌ನ ಜೀವ ನಿಮ್ಮ ಕೈಯಲ್ಲಿರುತ್ತದೆ. ಮುಂದೆ ಬರೆದದ್ದೆಲ್ಲ ಈ ಮಾತಿನ ಮೇಲೇ ನಿಂತಿದೆ.

ಹೆಜ್ಜೆ 1: ಗಾಳಿ ಯಾವ ಮುಖಕ್ಕೆ ಬಡಿಯುತ್ತಿದೆ ನೋಡಿ

ಹವಾಮಾನ ವರದಿ ಓದಿದರೆ ಸಾಲದು. ಹಾರುವ ಮೊದಲು ಹೊರಗೆ ನಿಂತು ಬೆಟ್ಟ ನೋಡಬೇಕು. ಗಾಳಿ ಯಾವ ಕಡೆಯಿಂದ ಬಂದು ಬೆಟ್ಟಕ್ಕೆ ಬಡಿಯುತ್ತಿದೆ, ಯಾವ ಕಡೆ ಮರೆ ಇದೆ, ಇಷ್ಟು ಮೊದಲು ಗೊತ್ತಾಗಬೇಕು.

ಬಡಿಯುವ ಮುಖದಲ್ಲಿ ಗಾಳಿ ಬೆಟ್ಟವನ್ನು ಹತ್ತುತ್ತದೆ, ಜೊತೆಗೆ ನಿಮ್ಮನ್ನೂ ಎತ್ತುತ್ತದೆ. ಮರೆಯ ಕಡೆ ಅದು ಕೆಳಗೆ ಸುರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಅಘನಾಶಿನಿಯ ದಡದಲ್ಲಿ ಕೂತು ಒಂದು ಬಂಡೆಯನ್ನು ಹತ್ತು ನಿಮಿಷ ನೋಡಿ. ನೀರು ಬಂಡೆಯ ಮುಂದೆ ಉಬ್ಬುತ್ತದೆ, ಮೇಲೆ ನುಣ್ಣಗೆ ಹರಿಯುತ್ತದೆ, ಹಿಂದೆ ಧುಮುಕಿ ಸುಳಿಯಾಗುತ್ತದೆ. ಸುಳಿಯೊಳಗೆ ಬಿದ್ದ ಎಲೆ ಕೆಳಗೆ ಹರಿದು ಹೋಗುವುದಿಲ್ಲ, ವಾಪಸ್ ಬಂಡೆಯ ಕಡೆಗೇ ಬರುತ್ತದೆ. ಗಾಳಿಯೂ ಬೆಟ್ಟದ ಹಿಂದೆ ಹೀಗೇ ಮಾಡುತ್ತದೆ. ಆ ಸುಳಿಗೆ ರೋಟರ್ ಅಂತ ಹೆಸರು. ನೀರಿನ ಸುಳಿ ಕಣ್ಣಿಗೆ ಕಾಣುತ್ತದೆ, ಗಾಳಿಯದು ಕಾಣುವುದಿಲ್ಲ.

ಗಾಳಿಯ ಮುಖ ದಿನದೊಳಗೇ ಬದಲಾಗುತ್ತದೆ ಅನ್ನುವುದು ಕರಾವಳಿಯವರಿಗೆ ಹೊಸ ಮಾತಲ್ಲ. ಚಳಿಗಾಲದ ಬೆಳಿಗ್ಗೆ ಮೂಡಣ ಗಾಳಿ ಘಟ್ಟದಿಂದ ಸಮುದ್ರಕ್ಕೆ ಇಳಿಯುತ್ತದೆ. ಆಗ ಕುಮಟಾ, ಅಂಕೋಲಾ ಕಡೆಯ ಇಳಿಜಾರೇ ಮರೆ. ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ. ಅದೇ ಇಳಿಜಾರು ಈಗ ಗಾಳಿಯ ಮುಖ. ಬೆಳಿಗ್ಗೆ ಹತ್ತಕ್ಕೆ ಎಳೆದ ದಾರಿಯಲ್ಲೇ ಮೂರು ಗಂಟೆಗೆ ಎಳೆದರೆ ಅದು ಬೇರೆಯೇ ದಾರಿ. ಪ್ರತಿ ಸಲ ಹೊಸದಾಗಿ ನೋಡಿ.

ಹೆಜ್ಜೆ 2: ಬಿಸಿಲಿನ ಲೆಕ್ಕ ಹಾಕಿ

ಬಿಸಿ ಗಾಳಿ ತೆಳುವಾಗಿರುತ್ತದೆ. ತೆಳು ಗಾಳಿಯಲ್ಲಿ ಎಂಜಿನ್ ಸೊರಗುತ್ತದೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ, ರೆಕ್ಕೆಗೂ ಕಡಿಮೆ. ಮೂರೂ ಒಟ್ಟಿಗೆ ಸೊರಗುವಾಗ ಹಿಂದೊಂದು ಭಾರ ಬೇರೆ.

ಲೆಕ್ಕ ಸುಲಭ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 2000 ಅಡಿ ಎತ್ತರದಲ್ಲಿದೆ. ವಿಮಾನದವರ ಲೆಕ್ಕದಲ್ಲಿ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಇರಬೇಕು, ಪ್ರತಿ 1000 ಅಡಿಗೆ 2 ಡಿಗ್ರಿ ಕಡಿಮೆಯಾಗಬೇಕು. ಅಂದರೆ ಶಿರಸಿಯಲ್ಲಿ 11 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದೆ ಅನ್ನಿ. 24 ಡಿಗ್ರಿ ಜಾಸ್ತಿ. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ 2880 ಅಡಿ. ವಿಮಾನದ ಪಾಲಿಗೆ ಆ ದಿನ ಶಿರಸಿ 2000 ಅಡಿಯಲ್ಲಿಲ್ಲ, 4900 ಅಡಿಯ ಹತ್ತಿರ ಇದೆ. ರನ್‌ವೇಯಲ್ಲಿ ಓಡುವ ದೂರ ಹೆಚ್ಚುತ್ತದೆ, ಏರುವ ವೇಗ ಕುಗ್ಗುತ್ತದೆ. ಟಗ್‌ನ ಕೈಪಿಡಿಯಲ್ಲಿ ಈ ಎತ್ತರಕ್ಕೆ ಕೊಟ್ಟ ಅಂಕಿ ನೋಡಿ. ಅದೂ ಹೊಸ ಎಂಜಿನ್‌ನ ಅಂಕಿ ಅನ್ನುವುದು ನೆನಪಿರಲಿ. ಇಬ್ಬರು ಕೂರುವ ಗ್ಲೈಡರ್ ಎಳೆಯಬೇಕಿದ್ದರೆ ಬೆಳಗಿನ ತಂಪಿನಲ್ಲೇ ಎಳೆಯಿರಿ, ಇಲ್ಲವೇ ಒಬ್ಬರನ್ನು ಇಳಿಸಿ.

ಹೆಜ್ಜೆ 3: ಹಗ್ಗ ಮುಟ್ಟಿ ನೋಡಿ

ಹಗ್ಗ ಸಾಮಾನ್ಯವಾಗಿ 50ರಿಂದ 60 ಮೀಟರ್ ಉದ್ದ ಇರುತ್ತದೆ. ಅದನ್ನು ಪೂರ್ತಿ ಬಿಡಿಸಿ, ಬೆರಳ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯಿರಿ. ಕಣ್ಣಿಗೆ ಕಾಣದ ಎಳೆ ಕಿತ್ತದ್ದು ಬೆರಳಿಗೆ ಸಿಗುತ್ತದೆ. ಗಂಟು ಬಿದ್ದಿದ್ದರೆ ಹಗ್ಗ ಬದಲಿಸಿ. ಗಂಟು ಇರುವ ಕಡೆ ಹಗ್ಗದ ಬಲ ಅರ್ಧದಷ್ಟು ಇಳಿಯಬಹುದು.

ಆಮೇಲೆ ವೀಕ್ ಲಿಂಕ್. ಇದು ಹಗ್ಗದ ತುದಿಯಲ್ಲಿ ಇರುವ ಚಿಕ್ಕ ಲೋಹದ ತುಂಡು. ಎಳೆತ ಮಿತಿ ಮೀರಿದರೆ ವಿಮಾನ ಮುರಿಯುವ ಬದಲು ತಾನು ಮುರಿಯಲಿ ಅಂತಲೇ ಅದನ್ನು ಮಾಡಿರುತ್ತಾರೆ. ಜರ್ಮನಿಯ ಟೋಸ್ಟ್ ಕಂಪನಿಯ ಲಿಂಕ್‌ಗಳು ಎಲ್ಲ ಕಡೆ ಬಳಕೆಯಲ್ಲಿವೆ. ಅವಕ್ಕೆ ಬಣ್ಣದ ಗುರುತು ಇದೆ. ಬಿಳಿ ಸುಮಾರು 500 ಕಿಲೋ, ನೀಲಿ 600, ಕೆಂಪು 750, ಕಪ್ಪು 1000. ಯಾವ ಗ್ಲೈಡರ್‌ಗೆ ಯಾವ ಬಣ್ಣ ಅಂತ ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಅಮೆರಿಕದ ನಿಯಮದ ಪ್ರಕಾರ ಹಗ್ಗದ ಬಲ ಗ್ಲೈಡರ್‌ನ ಗರಿಷ್ಠ ತೂಕದ ಶೇಕಡಾ 80ಕ್ಕಿಂತ ಕಡಿಮೆ ಇರಬಾರದು, ಎರಡು ಪಟ್ಟಿಗಿಂತ ಜಾಸ್ತಿಯೂ ಇರಬಾರದು.

ಬೆಟ್ಟದಲ್ಲಿ ಜಗ್ಗಾಟ ಜಾಸ್ತಿ. ಲಿಂಕ್ ಪದೇ ಪದೇ ಮುರಿಯುತ್ತದೆ. ಬೇಜಾರಾಗಿ ಯಾರೋ ಒಬ್ಬರು ಗಟ್ಟಿ ಬಣ್ಣದ್ದು ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಮುರಿಯಬೇಕಾದ್ದು ಮುರಿಯದೆ ಹೋದರೆ ಆ ಎಳೆತ ಟಗ್‌ನ ಬಾಲಕ್ಕೆ ಹೋಗುತ್ತದೆ.

ಕೊಕ್ಕೆಯನ್ನೂ ಪರೀಕ್ಷಿಸಿ. ಹಗ್ಗಕ್ಕೆ ಬಿಗಿ ಕೊಟ್ಟು, ಎರಡೂ ಕಡೆಯ ರಿಲೀಸ್, ಅಂದರೆ ಕೊಕ್ಕೆಯಿಂದ ಹಗ್ಗ ಬಿಡಿಸುವ ಗುಂಡಿ, ಎಳೆದು ನೋಡಿ. ಗ್ಲೈಡರ್‌ಗೆ ಮೂಗಿನಲ್ಲಿ ಒಂದು, ಹೊಟ್ಟೆಯ ಕೆಳಗೆ ಒಂದು ಹೀಗೆ ಎರಡು ಕೊಕ್ಕೆ ಇದ್ದರೆ ಮೂಗಿನದನ್ನೇ ಬಳಸಿ. ಹೊಟ್ಟೆಯದು ವಿಂಚ್‌ಗೆ. ಯಾಕೆ ಅಂತ ಏಳನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 4: ಇಬ್ಬರೂ ನಿಂತು ಮಾತಾಡಿ

ಐದು ನಿಮಿಷ ಸಾಕು. ಆದರೆ ಸುಮ್ನೆ ತಲೆಯಾಡಿಸಿ ಮುಗಿಸಬಾರದು. ಯಾವ ದಾರಿ, ಎಲ್ಲಿ ಬಿಡುವುದು, ಬಿಟ್ಟ ಮೇಲೆ ಯಾರು ಯಾವ ಕಡೆ ತಿರುಗುವುದು. ಎಷ್ಟೋ ಕಡೆ ಗ್ಲೈಡರ್ ಬಲಕ್ಕೆ, ಟಗ್ ಎಡಕ್ಕೆ ಅಂತ ರೂಢಿ ಇರುತ್ತದೆ. ಬಲಗಡೆ ಬೆಟ್ಟವಿದ್ದರೆ ಆ ರೂಢಿ ನಡೆಯುವುದಿಲ್ಲ ಅಲ್ವಾ? ಕಣಿವೆಯ ಕಡೆ ಯಾರು ಅಂತ ನೆಲದ ಮೇಲೇ ತೀರ್ಮಾನವಾಗಲಿ.

ಸಂಕೇತಗಳು ಮೂರು. ರೇಡಿಯೋ ಇದ್ದರೂ ಇವು ಬಾಯಿಪಾಠ ಇರಬೇಕು. ಟಗ್ ತನ್ನ ರೆಕ್ಕೆಗಳನ್ನು ಎಡಬಲ ಬಾಗಿಸಿದರೆ, ತಕ್ಷಣ ಹಗ್ಗ ಬಿಡಿ. ಟಗ್ ತನ್ನ ರಡರ್, ಅಂದರೆ ಬಾಲದಲ್ಲಿ ಎಡಬಲ ತಿರುಗುವ ಹಲಗೆ, ಅಲ್ಲಾಡಿಸಿದರೆ, ನಿಮ್ಮ ಗ್ಲೈಡರ್‌ನಲ್ಲಿ ಏನೋ ಸರಿ ಇಲ್ಲ, ಮೊದಲು ಏರ್‌ಬ್ರೇಕ್ (ಬೇಗ ಇಳಿಯಲು ರೆಕ್ಕೆಯಿಂದ ಮೇಲೇಳುವ ಹಲಗೆ) ತೆರೆದಿದೆಯಾ ನೋಡಿ ಮುಚ್ಚಿ. ಗ್ಲೈಡರ್ ಎಡಕ್ಕೆ ಸರಿದು ರೆಕ್ಕೆ ಬಾಗಿಸಿದರೆ, ನನಗೆ ಹಗ್ಗ ಬಿಡಲು ಆಗುತ್ತಿಲ್ಲ ಅಂತ ಅರ್ಥ.

ಮೊದಲ ಎರಡರ ನಡುವಿನ ಗೊಂದಲದಲ್ಲಿ ಜೀವಗಳು ಹೋಗಿವೆ. ಆಗುವುದು ಹೀಗೆ. ಏರ್‌ಬ್ರೇಕ್ ಗಟ್ಟಿಯಾಗಿ ಲಾಕ್ ಮಾಡಿರುವುದಿಲ್ಲ. ಎಳೆಯಲು ಶುರುವಾದ ಮೇಲೆ ಅದು ತಾನೇ ತೆರೆದುಕೊಳ್ಳುತ್ತದೆ. ಟಗ್ ಏರಲಾರದೆ ತಿಣುಕುತ್ತದೆ. ಅದರ ಪೈಲಟ್ ರಡರ್ ಅಲ್ಲಾಡಿಸುತ್ತಾನೆ. ಗ್ಲೈಡರ್‌ನವನು ಗಾಬರಿಯಲ್ಲಿ ಹಗ್ಗವನ್ನೇ ಬಿಡುತ್ತಾನೆ. ಕೆಳಗೆ 300 ಅಡಿ, ಮುಂದೆ ಕಾಡು, ಏರ್‌ಬ್ರೇಕ್ ಇನ್ನೂ ತೆರೆದೇ ಇದೆ. ಬಾಲ ಅಲ್ಲಾಡಿದರೆ ಬ್ರೇಕ್ ಮುಚ್ಚು, ರೆಕ್ಕೆ ಅಲ್ಲಾಡಿದರೆ ಹಗ್ಗ ಬಿಡು. ಕೂತಲ್ಲಿ ನಿಂತಲ್ಲಿ ಹೇಳಿಕೊಳ್ಳಿ.

ಕೊನೆಗೆ, ಹಗ್ಗ ತುಂಡಾದರೆ ಏನು ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಈ ಎತ್ತರದ ತನಕ ನೇರ ಮುಂದಿನ ಗದ್ದೆ, ಇಷ್ಟರ ಮೇಲೆ ತಿರುಗಿ ರನ್‌ವೇ, ಅಲ್ಲಿಂದ ಮೇಲೆ ಆ ಬಯಲು. ಎತ್ತರದ ಅಂಕಿ ಮೈದಾನಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ನಿಮ್ಮ ತರಬೇತುದಾರರನ್ನು ಕೇಳಿ ಗಟ್ಟಿ ಮಾಡಿಕೊಳ್ಳಿ.

ಇದಕ್ಕೆ ಊರಲ್ಲೇ ಒಂದು ಅಭ್ಯಾಸ ಇದೆ. ಕುಮಟಾದಿಂದ ಶಿರಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ. ಈಗ ಹಗ್ಗ ತುಂಡಾದರೆ ಎಲ್ಲಿ ಇಳಿಯುತ್ತೇನೆ ಅಂತ ಪ್ರತಿ ನಿಮಿಷ ಕೇಳಿಕೊಳ್ಳಿ. ಕರಾವಳಿಯ ಪಟ್ಟಿಯಲ್ಲಿ ಗದ್ದೆ ಸಿಗುತ್ತದೆ. ಅವು ಚಿಕ್ಕವು, ನಡುವೆ ಬದು ಇದೆ, ಆದರೂ ಬೇಸಿಗೆಯಲ್ಲಿ ಜೀವ ಉಳಿಯುವಷ್ಟು ಜಾಗ. ಅಘನಾಶಿನಿ ಅಳಿವೆಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಮೇಲಿಂದ ಚೆಂದದ ಬಯಲಿನ ಹಾಗೆ ಕಾಣುತ್ತದೆ, ಕೆಳಗೆ ಕೆಸರು. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಲು ಶುರುವಾದ ಮೇಲೆ ಬರೀ ಕಾಡು. ಘಟ್ಟದ ಮೇಲೆ ಕಣಿವೆಗಳಲ್ಲೆಲ್ಲ ಅಡಿಕೆ ತೋಟ. ಬನವಾಸಿ ಕಡೆ ಹೋದ ಮೇಲೆ ಮತ್ತೆ ಅಗಲವಾದ ಗದ್ದೆ. ಈ ಥರ ನೋಡುವ ಕಣ್ಣು ಬಂದರೆ ಯಾವ ದೇಶದ ಬೆಟ್ಟದಲ್ಲೂ ಅದು ನಿಮ್ಮ ಜೊತೆ ಇರುತ್ತದೆ.

ಹೆಜ್ಜೆ 5: ನೆಲ ಬಿಡುವಾಗ

ಗ್ಲೈಡರ್ ಹಗುರ, ಟಗ್‌ಗಿಂತ ಮೊದಲೇ ನೆಲ ಬಿಡುತ್ತದೆ. ಆಗ ಆರೇಳು ಅಡಿ ಎತ್ತರದಲ್ಲೇ ನಿಲ್ಲಿ. ಮೇಲೆ ಹೋದರೆ ಟಗ್‌ನ ಬಾಲ ಎತ್ತುತ್ತೀರಿ, ಅದು ಏಳಲಾರದು. ಎಡಗೈ ಹಳದಿ ರಿಲೀಸ್ ಗುಂಡಿಯ ಪಕ್ಕದಲ್ಲಿರಲಿ. ಹಿಡಿದುಕೊಳ್ಳಬೇಡಿ, ಒಂದು ಕುಲುಕಿಗೆ ತಾನೇ ಎಳೆದುಬಿಡುತ್ತೀರಿ. ಟಗ್‌ನವರು ಮೊದಲೇ ಒಂದು ಗುರುತು ಇಟ್ಟುಕೊಳ್ಳಿ. ಆ ಕಂಬದ ಹತ್ತಿರ ಬಂದರೂ ಗ್ಲೈಡರ್ ಎದ್ದಿಲ್ಲ ಅಂದರೆ ನಿಲ್ಲಿಸುವುದು, ಅಷ್ಟೇ.

ಹೆಜ್ಜೆ 6: ಬೆಟ್ಟದ ಕಡೆ ಹೋಗುವ ಮೊದಲು ಎತ್ತರ ಗಳಿಸಿ

ಇದು ಹೆಚ್ಚಾಗಿ ಟಗ್ ಪೈಲಟ್‌ನ ಪಾಠ. ಟಗ್ ನಿಮಿಷಕ್ಕೆ 400 ಅಡಿ ಏರುತ್ತಿದೆ, ವೇಗ ಗಂಟೆಗೆ 120 ಕಿಲೋಮೀಟರ್ ಅನ್ನಿ. 2000 ಅಡಿ ಏರಲು ಐದು ನಿಮಿಷ, ಅಷ್ಟರಲ್ಲಿ 10 ಕಿಲೋಮೀಟರ್ ಮುಂದೆ ಹೋಗಿರುತ್ತೀರಿ. ಘಟ್ಟದ ಬುಡದಿಂದ ನೆತ್ತಿಗೆ 10 ಕಿಲೋಮೀಟರ್ ಇರುವುದಿಲ್ಲ. ಜೊತೆಗೆ ಮರೆಯ ಕಡೆ ಗಾಳಿ ನಿಮಿಷಕ್ಕೆ 600 ಅಡಿ ಕೆಳಗೆ ಸುರಿಯುತ್ತಿದ್ದರೆ, ಪೂರ್ತಿ ಶಕ್ತಿ ಹಾಕಿಯೂ ನೀವು ಇಳಿಯುತ್ತಿರುತ್ತೀರಿ. ಹಾಗಾಗಿ ಬಯಲಿನ ಮೇಲೆ ಸುತ್ತು ಹಾಕಿ, ಎತ್ತರ ಗಳಿಸಿ, ಆಮೇಲೆ ಬೆಟ್ಟಕ್ಕೆ ಹೋಗಿ.

ಕಣಿವೆಯಲ್ಲಿ ಹೋಗುವಾಗ ನಟ್ಟನಡುವೆ ಹಾರಬೇಡಿ. ಸಂಭ್ರಮಕ್ಕೆ ಅದು ಚೆಂದ, ತಿರುಗುವಾಗ ಎರಡೂ ಕಡೆ ಅರ್ಧರ್ಧ ಜಾಗವೇ ಸಿಗುತ್ತದೆ. ಗಾಳಿ ಬಡಿಯುವ ಗೋಡೆಯ ಬದಿಗೆ, ಸಾಕಷ್ಟು ದೂರ ಇಟ್ಟು ಹಾರಿ. ಆಗ ಗಾಳಿ ಎತ್ತುತ್ತದೆ, ತಿರುಗಲು ಪೂರ್ತಿ ಕಣಿವೆ ಇರುತ್ತದೆ. ಗ್ಲೈಡರ್ ಎಳೆಯುತ್ತ 20 ಡಿಗ್ರಿ ವಾಲಿ ತಿರುಗಿದರೆ, 120 ಕಿಲೋಮೀಟರ್ ವೇಗದಲ್ಲಿ ಸುತ್ತಿನ ಅಗಲ 600 ಮೀಟರ್ ದಾಟುತ್ತದೆ. ತೆಳು ಗಾಳಿಯಲ್ಲಿ ಇನ್ನೂ ಜಾಸ್ತಿ. ಟಗ್ ಬೆಟ್ಟದಿಂದ ಆಚೆ ತಿರುಗಿದಾಗ ಗ್ಲೈಡರ್ ಇನ್ನೂ ಬೆಟ್ಟದ ಪಕ್ಕದಲ್ಲೇ ಇರುತ್ತದೆ. ನಿಮಗೆ ಬೇಕು ಅನ್ನಿಸುವುದಕ್ಕಿಂತ ಮೊದಲೇ ತಿರುಗಿ.

ಬೆಟ್ಟದ ಏಣು ದಾಟುವಾಗ ನೇರ ಹೋಗದೆ 45 ಡಿಗ್ರಿ ಓರೆಯಾಗಿ ಹೋಗಿ. ಗಾಳಿ ಕೆಳಗೆ ತಳ್ಳಿದರೆ ಸ್ವಲ್ಪ ತಿರುಗಿದರೂ ಬಯಲಿನ ಕಡೆ ಮುಖ ಮಾಡಬಹುದು.

ಇನ್ನೆರಡು ಮೋಸಗಳಿವೆ. ಎದುರಿಗೆ ನೆಲ ಏರುತ್ತಿದ್ದಾಗ ಕಣ್ಣು ಅದನ್ನೇ ಬಾನಂಚು ಅಂದುಕೊಳ್ಳುತ್ತದೆ. ಗೊತ್ತಿಲ್ಲದ ಹಾಗೆ ಮೂಗು ಎತ್ತುತ್ತೀರಿ, ವೇಗ ಬೀಳುತ್ತದೆ. ವೇಗದ ಮುಳ್ಳನ್ನು ನಂಬಿ, ಬೆಟ್ಟವನ್ನಲ್ಲ. ಎರಡನೆಯದು ತಂತಿ. ಕೈಗಾದಿಂದ ಬರುವ ಹೈಟೆನ್ಷನ್ ಲೈನ್ ಕಾಡು ಕಣಿವೆ ದಾಟುವುದನ್ನು ನೋಡಿದ್ದೀರಲ್ಲ. ರಸ್ತೆಯಿಂದಲೇ ತಂತಿ ಸರಿಯಾಗಿ ಕಾಣುವುದಿಲ್ಲ, ಮೇಲಿಂದ ಹಸಿರಿನಲ್ಲಿ ಕರಗಿಹೋಗುತ್ತದೆ. ತಂತಿ ಹುಡುಕಬೇಡಿ, ಟವರ್ ಹುಡುಕಿ. ಒಂದು ದಿಬ್ಬದ ಮೇಲೆ ಟವರ್ ಕಂಡರೆ ಎದುರು ದಿಬ್ಬದಲ್ಲೂ ಒಂದು ಇರುತ್ತದೆ. ದಾಟುವುದಾದರೆ ಟವರ್‌ನ ತಲೆಯ ಮೇಲೆಯೇ ದಾಟಿ.

ಹೆಜ್ಜೆ 7: ಟಗ್‌ಗಿಂತ ಮೇಲೆ ಹೋಗಬೇಡಿ

ಇಲ್ಲಿ ಸ್ವಲ್ಪ ನಿಧಾನ ಓದಿ.

ಗ್ಲೈಡರ್ ತನ್ನ ಜಾಗ ಬಿಟ್ಟು ಮೇಲಕ್ಕೆ ಹೋದರೆ ಹಗ್ಗ ಟಗ್‌ನ ಬಾಲವನ್ನು ಎತ್ತುತ್ತದೆ. ಬಾಲ ಎದ್ದರೆ ಮೂಗು ಕೆಳಗೆ. ಟಗ್ ಪೈಲಟ್ ವಿಮಾನ ನಡೆಸುವ ಕಡ್ಡಿಯನ್ನು ತನ್ನ ಹೊಟ್ಟೆಗೆ ತಾಗುವವರೆಗೆ ಎಳೆದರೂ ಬಾಲ ಇಳಿಯುವುದಿಲ್ಲ. ಟಗ್ ಕೆಳಗೆ ಹೋದಷ್ಟೂ ಹಗ್ಗ ಜಗ್ಗುತ್ತದೆ, ಜಗ್ಗಿದಷ್ಟೂ ಗ್ಲೈಡರ್ ಗಾಳಿಪಟದ ಹಾಗೆ ಮೇಲೇರುತ್ತದೆ. ಶುರುವಾಗಿ ಮುಗಿಯಲು ಕೆಲವೇ ಸೆಕೆಂಡು. ಹಗ್ಗ ಬಿಟ್ಟ ಮೇಲೂ ಟಗ್ ಸರಿಯಾಗಲು ನೂರಾರು ಅಡಿ ಬೇಕು. ಬೆಟ್ಟದ ಮೇಲೆ ಆ ನೂರಾರು ಅಡಿ ಇರುತ್ತದೆ ಅನ್ನುವ ಭರವಸೆ ಇಲ್ಲ. ಎತ್ತರ ತೋರಿಸುವ ಆಲ್ಟಿಮೀಟರ್ ರನ್‌ವೇಯಿಂದ 2000 ಅಡಿ ಅನ್ನುತ್ತಿರುತ್ತದೆ, ಕೆಳಗಿನ ಕಾಡು 500 ಅಡಿಯಲ್ಲೇ ಇರುತ್ತದೆ. ಕೆಲವು ಹಳೆಯ ಥರದ ಕೊಕ್ಕೆಗಳಲ್ಲಿ ಹಗ್ಗ ಮೇಲಕ್ಕೆ ಜಗ್ಗಿದಾಗ ಟಗ್‌ನ ಕಡೆಯಿಂದ ಬಿಡಿಸಲೂ ಆಗುವುದಿಲ್ಲ. ಹೊಟ್ಟೆಯ ಕೊಕ್ಕೆ ಬೇಡ ಅಂದದ್ದು ಇದಕ್ಕೇ. ಅದರಲ್ಲಿ ಎಳೆದರೆ ಗ್ಲೈಡರ್ ಮೂಗು ಎತ್ತುವುದು ಸುಲಭ.

ನನಗೆ ಇದು ಆಗಿದೆ. ಕಲಿತು ಎರಡನೇ ವರ್ಷ, ಮಧ್ಯಾಹ್ನ, ಗಾಳಿ ಒರಟಾಗಿತ್ತು. ಎಡಗಡೆಯ ಚಿಕ್ಕ ಕಿಟಕಿ ಪಟಪಟ ಬಡಿಯುತ್ತಿತ್ತು. ಮುಚ್ಚೋಣ ಅಂತ ಎಡಗೈ ಚಾಚಿದೆ, ಕಣ್ಣೂ ಅಲ್ಲಿಗೇ ಹೋಯಿತು. ಕಿಟಕಿಯ ಅಂಚಿನ ರಬ್ಬರ್ ಮಡಚಿಕೊಂಡಿತ್ತು. ಬೆರಳಿನಿಂದ ಅದನ್ನು ಸರಿ ಮಾಡಿ, ಜಾರಿಸಿ ಮುಚ್ಚಿದೆ. ತಲೆ ಎತ್ತಿದರೆ ಎದುರು ಟಗ್ ಇಲ್ಲ. ಬರೀ ಬೆಟ್ಟ. ಹಗ್ಗ ನನ್ನ ಮೂಗಿನ ಕೆಳಗೆ ಇಳಿದು ಮಾಯವಾಗಿತ್ತು. ಹಳದಿ ಗುಂಡಿ ಹುಡುಕಲು ಕೈ ವಾಪಸ್ ಬರಬೇಕಿತ್ತು. ಆ ಒಂದು ಕ್ಷಣ ಇವತ್ತಿಗೂ ನೆನಪಿದೆ. ಎಳೆದೆ. ಟಗ್ ಕೆಳಗಿನಿಂದ ನಿಧಾನಕ್ಕೆ ಮೇಲೆ ಬಂದದ್ದನ್ನು ನೋಡಿದ ಮೇಲೇ ಉಸಿರು ಬಿಟ್ಟೆ. ಇಳಿದ ಮೇಲೆ ಟಗ್ ಪೈಲಟ್ ಹತ್ತಿರ ಹೋದೆ. ವಯಸ್ಸಾದವರು. ಬೈಯಲಿಲ್ಲ. 400 ಅಡಿ ಇಳಿದೆ, ಇನ್ನೊಂದು ಸೆಕೆಂಡು ತಡ ಆಗಿದ್ದರೆ ಗೊತ್ತಿಲ್ಲ ಅಂದರು. ತಪ್ಪು ಪೂರ್ತಿ ನನ್ನದು.

ಆದ್ದರಿಂದ ನಿಯಮ ಹೀಗೆ. ಎಳೆಯುವಾಗ ಕಿಟಕಿ, ನಕ್ಷೆ, ನೀರಿನ ಬಾಟಲಿ, ರೇಡಿಯೋ ಚಾನೆಲ್ ಯಾವುದನ್ನೂ ಮುಟ್ಟಬೇಡಿ. ಟಗ್ ಕಣ್ಣಿಂದ ಮರೆಯಾದರೆ ಹುಡುಕಬೇಡಿ, ಹಗ್ಗ ಬಿಡಿ. ಟಗ್ ಇನ್ನೂ ಕಾಣುತ್ತಿದೆ, ಆದರೆ ನೀವು ಮೇಲಕ್ಕೆ ಹೋಗುತ್ತಿದ್ದೀರಿ, ತಡೆಯಲು ಆಗುತ್ತಿಲ್ಲ ಅನ್ನಿಸಿದರೂ ಬಿಡಿ. ಮೋಡ ಅಡ್ಡ ಬಂದು ಟಗ್ ಮಸುಕಾದರೂ ಅಷ್ಟೇ. ದುಡ್ಡು ಕೊಟ್ಟು ಎಳೆಸಿಕೊಂಡದ್ದು ಹಾಳಾಯಿತು ಅಂತ ಅನ್ನಿಸುತ್ತದೆ. ಅನ್ನಿಸಲಿ.

ಆಸ್ಟ್ರೇಲಿಯಾದಲ್ಲಿ ಗ್ಲೈಡರ್ ಟಗ್ ಹಿಂದೆ ಬಿಡುವ ಕದಡಿದ ಗಾಳಿಯ ಜಾಡಿಗಿಂತ ಕೆಳಗೆ ಹಾರುವುದು ರೂಢಿ. ಬೇರೆ ಹೆಚ್ಚಿನ ಕಡೆ ಜಾಡಿನ ಸ್ವಲ್ಪ ಮೇಲೆ. ನನ್ನ ಮನಸ್ಸು ಕೆಳಗಿನ ಜಾಗದ ಕಡೆಗೇ, ಯಾಕೆಂದರೆ ಅಲ್ಲಿಂದ ಟಗ್‌ನ ತಲೆ ಮೇಲೆ ಹೋಗಲು ತುಂಬ ದೂರ. ಆದರೆ ನಿಮ್ಮ ಕ್ಲಬ್ ಹೇಳಿಕೊಟ್ಟದ್ದನ್ನೇ ಮಾಡಿ, ಟಗ್ ಪೈಲಟ್ ನಿಮ್ಮನ್ನು ಅಲ್ಲೇ ನಿರೀಕ್ಷಿಸುತ್ತಾನೆ.

ಹೆಜ್ಜೆ 8: ಎರಡು ಸೆಕೆಂಡಿನ ಪಾಠ, ಸಡಿಲ ಹಗ್ಗ

60 ಮೀಟರ್ ಹಗ್ಗ, ಸೆಕೆಂಡಿಗೆ 33 ಮೀಟರ್ ವೇಗ. ಅಂದರೆ ಟಗ್‌ಗೆ ಬಡಿದ ಗಾಳಿ ನಿಮಗೆ ಬಡಿಯಲು ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ ಸಾಕು. ಟಗ್ ದಡಕ್ಕನೆ ಮೇಲೆ ಎದ್ದರೆ ಹಿಂದೆ ಓಡಬೇಡಿ. ಎರಡು ಸೆಕೆಂಡಿನಲ್ಲಿ ಅದೇ ಗಾಳಿ ನಿಮ್ಮನ್ನೂ ಎತ್ತುತ್ತದೆ. ನೀವು ಮೊದಲೇ ಮೂಗು ಎತ್ತಿದ್ದರೆ ಎರಡೂ ಸೇರಿ ಟಗ್‌ಗಿಂತ ಮೇಲೆ. ಟಗ್‌ನ ರೆಕ್ಕೆಯ ವಾಲಿಕೆಗೆ ಸರಿಯಾಗಿ ನಿಮ್ಮ ರೆಕ್ಕೆ ಇಟ್ಟುಕೊಳ್ಳಿ, ಎತ್ತರದ ಏರಿಳಿತಕ್ಕೆ ಸ್ವಲ್ಪ ತಾಳ್ಮೆ ಕೊಡಿ.

ನೀವು ಏರುವ ಗಾಳಿಯಲ್ಲಿ, ಟಗ್ ಇಳಿಯುವ ಗಾಳಿಯಲ್ಲಿ ಇದ್ದರೆ ಹಗ್ಗ ಸಡಿಲಾಗಿ ಬಿಲ್ಲಿನ ಹಾಗೆ ಬಾಗುತ್ತದೆ. ಸಡಿಲು ಅಪಾಯವಲ್ಲ, ಅದು ಒಮ್ಮೆಲೇ ಬಿಗಿಯಾಗುವುದು ಅಪಾಯ. ರಡರ್‌ನಿಂದ ಮೂಗನ್ನು ಸ್ವಲ್ಪವೇ ಪಕ್ಕಕ್ಕೆ ತಿರುಗಿಸಿ, ವೇಗ ತಾನೇ ಇಳಿಯುತ್ತದೆ. ಹಗ್ಗ ಬಿಗಿಯಾಗುವ ಕ್ಷಣಕ್ಕೆ ಮುಂಚೆ ಮೂಗು ನೇರ ಮಾಡಿ ಒಂದಿಷ್ಟು ಕೆಳಗಿಡಿ, ಜಗ್ಗು ಮೆತ್ತಗಾಗುತ್ತದೆ. ಬಾಗಿದ ಹಗ್ಗ ರೆಕ್ಕೆಯ ಹತ್ತಿರ ಬಂದರೆ ಸರಿಪಡಿಸಲು ಹೋಗಬೇಡಿ. ಬಿಡಿ.

ಹೆಜ್ಜೆ 9: ರೋಟರ್ ಒಳಗೆ ಹೋಗಲೇಬೇಕಾದರೆ

ಬೆಟ್ಟ ದಾಟಿದ ಗಾಳಿ ಮರೆಯಲ್ಲಿ ಇಳಿದು, ಮತ್ತೆ ಅಲೆಯಾಗಿ ಏಳುತ್ತದೆ. ಆ ಅಲೆ ಹತ್ತಿ ತುಂಬ ಮೇಲೆ ಹೋಗಬಹುದು. ಪರ್ಲಾನ್ 2 ಅನ್ನುವ ಗ್ಲೈಡರ್ 2018ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾದಲ್ಲಿ 76,000 ಅಡಿ ದಾಟಿತು. ಆದರೆ ಅಲೆಯ ಬುಡದಲ್ಲೇ ರೋಟರ್ ಕೂತಿರುತ್ತದೆ. ಮೇಲೆ ನುಣ್ಣನೆಯ ಮಸೂರದ ಆಕಾರದ ಮೋಡ, ಕೆಳಗೆ ಹರಿದ ಹತ್ತಿಯಂಥ, ಜಾಗದಲ್ಲೇ ಉರುಳುವ ಮೋಡ ಕಂಡರೆ ಕೆಳಗಿನದೇ ರೋಟರ್. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ಅಲೆಯ ಸಂಶೋಧನೆ ನಡೆಯುತ್ತಿದ್ದಾಗ, 1955ರಲ್ಲಿ, ಲ್ಯಾರಿ ಎಡ್ಗರ್ ಹಾರಿಸುತ್ತಿದ್ದ ಗ್ಲೈಡರ್ ರೋಟರ್‌ನಲ್ಲಿ ಚೂರುಚೂರಾಯಿತು. ಅವರು ಪ್ಯಾರಾಚೂಟ್‌ನಿಂದ ಬದುಕಿದರು. ಅನುಭವಿಗೇ ಹೀಗಾಗಿದೆ.

ಸುತ್ತಿ ಹೋಗಲು ಆದರೆ ಸುತ್ತಿ ಹೋಗಿ. ಆಗದಿದ್ದರೆ ಬೆಲ್ಟ್ ನೋವಾಗುವಷ್ಟು ಬಿಗಿ ಮಾಡಿ, ಸಡಿಲ ಸಾಮಾನೆಲ್ಲ ಹಾರುವ ಮೊದಲೇ ಮೈದಾನದಲ್ಲಿ ಬಿಟ್ಟು ಬನ್ನಿ. ಟಗ್‌ನ ವೇಗ ಒರಟು ಗಾಳಿಗೆ ಗ್ಲೈಡರ್ ತಡೆಯುವ ಮಿತಿ ದಾಟದಿರಲಿ. ಎಲ್ಲಿ ಬಿಟ್ಟರೆ ಮನೆಗೆ ಹೋಗಬಹುದು ಅಂತ ಪ್ರತಿ ಕ್ಷಣ ಗೊತ್ತಿರಲಿ. ಮರೆಯ ಕಡೆ ಎದುರು ಗಾಳಿ, ಇಳಿಗಾಳಿ ಎರಡೂ ಸೇರಿದರೆ ಕೈಪಿಡಿಯ ಜಾರುವ ದೂರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಎಎಸ್‌ಕೆ 21 ಅನ್ನುವ ಇಬ್ಬರು ಕೂರುವ ಗ್ಲೈಡರ್ ನಿಂತ ಗಾಳಿಯಲ್ಲಿ 1000 ಅಡಿಗೆ ಸುಮಾರು 10 ಕಿಲೋಮೀಟರ್ ಜಾರುತ್ತದೆ. ನಾನು ಬೆಟ್ಟದಲ್ಲಿ 5 ಅಂತ ಲೆಕ್ಕ ಹಾಕುತ್ತೇನೆ, ಮರೆಯಲ್ಲಿ ಅದನ್ನೂ ನಂಬುವುದಿಲ್ಲ.

ಹೆಜ್ಜೆ 10: ಬಿಡುವುದು

ಬಿಡುವ ಮೊದಲು ಕಣಿವೆಯ ಕಡೆ ತಲೆ ತಿರುಗಿಸಿ ನೋಡಿ. ಬೇರೆ ಗ್ಲೈಡರ್ ಇರಬಹುದು, ಹದ್ದಿನ ಗುಂಪು ಇರಬಹುದು. ನೇರ ಹಾರುತ್ತಲೇ ಗುಂಡಿ ಎಳೆಯಿರಿ. ಮೂಗು ಎತ್ತಿ, ಹಗ್ಗ ಜಗ್ಗಿ ಬಿಡುವ ಚಾಳಿ ಕೆಲವರಿಗಿದೆ. ಅದು ಟಗ್‌ನ ಬಾಲದ ಜೊತೆ ಆಟ. ಹಗ್ಗ ದೂರ ಹೋದದ್ದನ್ನು ಕಣ್ಣಿನಿಂದ ನೋಡಿ, ಆಮೇಲೆ ತಿರುಗಿ. ಸದ್ದು ಕೇಳಿತು, ಬಿಟ್ಟಿರಬೇಕು ಅಂತ ತಿರುಗಿದವರು ಟಗ್ ಅನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿದ್ದಾರೆ.

ಗುಂಡಿ ಎಳೆದರೂ ಹಗ್ಗ ಬಿಡದಿದ್ದರೆ ಎರಡು ಮೂರು ಸಲ ಎಳೆದು ನೋಡಿ. ಆಗದಿದ್ದರೆ ಎಡಕ್ಕೆ ಸರಿದು ರೆಕ್ಕೆ ಬಾಗಿಸಿ, ರೇಡಿಯೋದಲ್ಲೂ ಹೇಳಿ. ಟಗ್ ನಿಮ್ಮನ್ನು ಮೈದಾನದ ಹತ್ತಿರ ತಂದು ತನ್ನ ಕಡೆಯಿಂದ ಬಿಡುತ್ತದೆ. ಆಗ ಹಗ್ಗ ನಿಮ್ಮ ಮೂಗಿನಲ್ಲೇ ನೇತಾಡುತ್ತಿರುತ್ತದೆ. ಇಳಿಯುವಾಗ ಎಂದಿಗಿಂತ ಎತ್ತರದಿಂದ ಬನ್ನಿ, ಬೇಲಿಗೆ ಸಿಕ್ಕಿಬೀಳಬಾರದು.

ಟಗ್ ಪೈಲಟ್‌ಗೂ ಇದೇ ಮಾತು. ನೀವು ವಾಪಸ್ ಬರುವಾಗ ಹಿಂದೆ 60 ಮೀಟರ್ ಹಗ್ಗ ಇದೆ. ಅದು ನೇರ ಹಿಂದೆ ಇರುವುದಿಲ್ಲ, ವೇಗ ಇಳಿದಷ್ಟೂ ಕೆಳಗೆ ಜೋಲುತ್ತದೆ. ರನ್‌ವೇಯ ಮುಂದೆ ಮರ, ತಂತಿ, ರಸ್ತೆ ಇದ್ದರೆ ನಿಮ್ಮ ಚಕ್ರ ದಾಟಿದರೆ ಸಾಲದು, ಹಗ್ಗದ ತುದಿಯೂ ದಾಟಬೇಕು. ಆ ತುದಿಯಲ್ಲಿ ಕಬ್ಬಿಣದ ಉಂಗುರ ಇದೆ, ರಸ್ತೆಯಲ್ಲಿ ಯಾರೋ ಸೈಕಲ್ ಮೇಲೆ ಹೋಗುತ್ತಿರಬಹುದು. ಜಾಗ ಸಾಲದು ಅನ್ನಿಸಿದರೆ ಮೈದಾನದ ಮೇಲೆ ಹಗ್ಗ ಬೀಳಿಸಿ, ಇನ್ನೊಂದು ಸುತ್ತು ಹಾಕಿ ಇಳಿಯಿರಿ. ಇಳಿದ ಮೇಲೆ ಎಂಜಿನ್ ತಣಿಯುವಷ್ಟು ಹೊತ್ತಿನಲ್ಲಿ ಹಗ್ಗವನ್ನು ಮತ್ತೆ ಬೆರಳ ನಡುವೆ ಹಿಡಿದು, ತುದಿಯಿಂದ ತುದಿಗೆ ನಡೆಯಿರಿ. ಮುಂದಿನ ಗ್ಲೈಡರ್ ಸಾಲಿನಲ್ಲಿ ಕಾಯುತ್ತಿದ್ದರೂ ಸರಿ.